ನಗೆಯೊಳಗಿನ ಅಂಕುಶ

ಷೇಕ್ಸ್‌ಪಿಯರ್ ಮಹಾಕವಿಯ ವಿನೋದ ನಾಟಕಗಳಲ್ಲಿ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಎಂಬುದು ಕನ್ನಡಿಗರಿಗೆ ಬಲು ಹತ್ತಿರದ್ದು. ಅದರ ಹೆಸರನ್ನು ಕೇಳದವರೂ ಕಥೆಯನ್ನು ಬಲ್ಲರು. ‘ಚಂಡೀಮರ್ದನ’ವೆಂಬ ಹೆಸರು ತಳೆದು ಅದು ಹಿಂದೆಯೇ ನಮ್ಮ ನುಡಿಗೆ ಬಂದಿತು. ಪರ್ವತವಾಣಿಯವರು ‘ಬಹದ್ದೂರ್ ಗಂಡ’ನೆಂದು ಕರೆದು ಅದಕ್ಕೆ ಅಚ್ಚಕನ್ನಡದ ಮನೆಮಾತನ್ನು ತೊಡಿಸಿದರು. ಆ ನಾಟಕವನ್ನು ಆಧರಿಸಿದ ‘ನಂಜುಂಡಿ ಕಲ್ಯಾಣ’ವೆಂಬ ಚಲನಚಿತ್ರ 1989ರಲ್ಲಿ ತೆರೆಕಂಡು ನಾಡಿನ ಮೂಲೆಮೂಲೆಯಲ್ಲಿ ಜನರನ್ನು ನಗಿಸಿತು. ಇನ್ನು ನಮ್ಮ ಉತ್ತರ ಕರ್ನಾಟಕದ ಕಂಪನಿ ರಂಗಭೂಮಿಯ ಮಾತು ತೆಗೆದರೆ, ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನೆನಪಾಗದೆ ಇರದು. 1974ರಲ್ಲಿ ಚಲನಚಿತ್ರವೂ ಆದ ಆ ಕೃತಿಯ ಹುಟ್ಟು ಬೇರೆಯದಾದರೂ, ಸಿರಿವಂತರ ಮಗಳ ಗರ್ವಭಂಗವನ್ನು ಕಂಡು ಚಪ್ಪಾಳೆ ತಟ್ಟುವ ಪ್ರೇಕ್ಷಕನ ಸಂತೋಷ ಒಂದೇ ಜಾತಿಯದು.

ಈ ಸಂತೋಷವಾದರೂ ಯಾವುದು? ಇದನ್ನು ವಿವೇಚಿಸಬೇಕೆಂಬುದು ಈ ಲೇಖನದ ಉದ್ದೇಶ. ಭರತಮುನಿಯು ಹಾಸ್ಯರಸವನ್ನು ನಿರೂಪಿಸುವಾಗ ಸ್ಮಿತ, ಹಸಿತ ಮೊದಲಾಗಿ ಅತಿಹಸಿತದವರೆಗೆ ಆರು ಬಗೆಯ ನಗೆಗಳನ್ನು ಹೇಳಿ, ಯಾವ ನಗೆ ಯಾವ ಪ್ರಕೃತಿಯವರದೆಂಬುದನ್ನೂ ಹೇಳುತ್ತಾನೆ. ನಗುವವನ ಅಂತಸ್ತು ಅವನ ನಗೆಯಲ್ಲಿ ಬಯಲಾಗುತ್ತದೆಂಬುದು ಆ ವಿಂಗಡಣೆಯ ಹಿಂದಿನ ಅರಿವು. ಈ ನಾಟಕವನ್ನು ನೋಡಿ ನಾವು ನಗುವುದು ಆರರಲ್ಲಿ ಯಾವುದು ಎಂಬ ಪ್ರಶ್ನೆಯನ್ನು ವಿಮರ್ಶಕರು ಕೇಳಿದಷ್ಟು ನಾಟಕ ಮಂಡಲಿಯವರು ಕೇಳಿಲ್ಲ.

ಕಥೆ ಸರಳ. ಪಡುವಾ ಪಟ್ಟಣದ ಧನಿಕ ಬಾಪ್ಟಿಸ್ಟನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳಾದ ಕ್ಯಾಥರೀನಳ ನಾಲಗೆ ಹರಿತ, ಕೈಯೂ ಚುರುಕು. ಕಿರಿಯಳಾದ ಬಿಯಾಂಕಾ ಸೌಮ್ಯೆ. ಹಿರಿಯಳ ಮದುವೆಯಾಗದೆ ಕಿರಿಯಳನ್ನು ಕೊಡುವುದಿಲ್ಲವೆಂಬುದು ತಂದೆಯ ಹಟ. ವೆರೋನಾದಿಂದ ಬಂದ ಪೆಟ್ರೂಚಿಯೋ ಎಂಬವನು ತಾನು ಹಣವಂತ ಹೆಣ್ಣನ್ನು ಹುಡುಕಿಕೊಂಡು ಬಂದವನೆಂದು ಬಾಯಿಬಿಟ್ಟೇ ಹೇಳುತ್ತಾನೆ. ಕ್ಯಾಥರೀನಳ ಮುಖವನ್ನು ಕಾಣುವ ಮೊದಲೇ ಅವನು ಮಾವನೊಡನೆ ವ್ಯವಹಾರ ಕುದುರಿಸುತ್ತಾನೆ. ಕೈಗೆ ಇಪ್ಪತ್ತು ಸಾವಿರ ಕ್ರೌನುಗಳು, ಮಾವನ ಕಾಲಾನಂತರ ಅರ್ಧ ಭೂಮಿ. ವರದಕ್ಷಿಣೆಯನ್ನು ನಿಷೇಧಿಸುವ ಕಾಯ್ದೆ 1961ರಲ್ಲಿಯೇ ಬಂದಿದ್ದರೂ ಅದರ ಹೆಸರನ್ನು ಬದಲಿಸಿ ‘ಉಡುಗೊರೆ’ ಎಂದು ಕರೆಯುವುದನ್ನು ಕಲಿತ ನಮ್ಮ ಸೀಮೆಯವರಿಗೆ ಈ ದೃಶ್ಯಕ್ಕೆ ಭಾಷ್ಯ ಬೇಕಿಲ್ಲ. ಗಯ್ಯಾಳಿಯ ಬಾಯಿಗೆ ಹೆದರದ ಗಂಡೆದೆಯೆಂದು ನಾವು ಮೆಚ್ಚುವ ಪೆಟ್ರೂಚಿಯೋನ ಎದೆಗಾರಿಕೆಯ ಬುಡದಲ್ಲಿ ಈ ಲೆಕ್ಕಾಚಾರವಿದೆ.

ಮದುವೆಯ ನಂತರದ ಭಾಗವೇ ನಾಟಕದ ತಿರುಳು. ಇಲ್ಲಿ ನಾವು ನಿಧಾನಿಸಬೇಕು. ಪೆಟ್ರೂಚಿಯೋ ಹೆಂಡತಿಯ ಮೇಲೆ ಒಮ್ಮೆಯೂ ಕೈಯೆತ್ತುವುದಿಲ್ಲ. ಅವನ ಪರವಾಗಿ ವಾದಿಸುವವರೆಲ್ಲರೂ ಮೊದಲು ಹೇಳುವ ಮಾತಿದು. ಅವನು ಮಾಡುವುದೇ ಬೇರೆ. ಹಸಿದು ಬಂದವಳ ಮುಂದೆ ಬಡಿಸಿದ ಮಾಂಸ ಸೀದಿದೆಯೆಂದು ಎತ್ತಿ ಎಸೆಯುತ್ತಾನೆ. ಹಾಸಿಗೆ ಸರಿಯಿಲ್ಲವೆಂದು ರಾತ್ರಿಯೆಲ್ಲ ಕೂಗಾಡಿ ಅವಳಿಗೆ ನಿದ್ರೆಗೊಡುವುದಿಲ್ಲ. ದರ್ಜಿಯು ತಂದ ಉಡುಪು ಅವಳಿಗೆ ಮೆಚ್ಚಿಗೆಯಾದ ಕ್ಷಣವೇ ಅದು ಅವಳಿಗೆ ತಕ್ಕುದಲ್ಲವೆಂದು ಹಿಂದಕ್ಕೆ ಕಳಿಸುತ್ತಾನೆ. ಇದೆಲ್ಲವೂ ಅವಳ ಮೇಲಣ ಅಕ್ಕರೆಯ ಹೆಸರಿನಲ್ಲಿ! ರಂಗದ ಮೇಲೆ ಒಬ್ಬನೇ ನಿಂತಾಗ ಅವನು ತನ್ನ ಉಪಾಯವನ್ನು ಪ್ರೇಕ್ಷಕರಿಗೆ ತಿಳಿಸುತ್ತಾನೆ. ಬೇಟೆಗಾರನು ಕಾಡಿನ ಗಿಡುಗವನ್ನು ಹಸಿವೆಯಲ್ಲಿಟ್ಟು, ಎಚ್ಚರವಾಗಿಟ್ಟು, ತನ್ನ ಕೈಯ ಕರೆಗೆ ಬರುವಂತೆ ಮಾಡುವ ಕ್ರಮವೇ ಅವನ ಮಾದರಿ. ನಾಟಕವನ್ನು ಕೇವಲ ಹುಡುಗಾಟವೆಂದು ತಳ್ಳಿಹಾಕುವವರು ಈ ಸ್ವಗತವನ್ನು ಎರಡು ಬಾರಿ ಓದಬೇಕು. ಕೋಪದಿಂದ ಹೊಡೆದವನಿಗೆ ಪಶ್ಚಾತ್ತಾಪವಾದರೂ ಬರಬಹುದು. ಶಾಂತವಾಗಿ ಕುಳಿತು ಹಸಿವೆಯನ್ನು ಅಳೆದು ಕೊಡುವವನಿಗೆ ಅದು ಬರುವ ದಾರಿಯೇ ಇಲ್ಲ.

ಅವನ ಪರವಾಗಿ ಇನ್ನೊಂದು ವಾದವುಂಟು. ಹೆಂಡತಿ ಉಪವಾಸವಿದ್ದಾಗ ತಾನೂ ಉಣ್ಣುವುದಿಲ್ಲ, ಅವಳು ಎಚ್ಚರವಿದ್ದಾಗ ತಾನೂ ಎಚ್ಚರ. ಆದುದರಿಂದ ಇದು ದಂಡನೆಯಲ್ಲ, ಇಬ್ಬರೂ ಕೂಡಿ ಮಾಡುವ ಒಂದು ವ್ರತವೆನ್ನುತ್ತಾರೆ. ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದ ಓದುಗರು ಈ ವಾದವನ್ನು ನಮಗಿಂತ ಚೆನ್ನಾಗಿ ತೂಗಬಲ್ಲರು. ನಸುಕಿನಲ್ಲಿ ಏಳುವುದು, ತಣ್ಣೀರು ಸ್ನಾನ, ಹೊತ್ತಿಗೆ ಸರಿಯಾಗಿ ಗಂಟೆ, ಎಲ್ಲರಿಗೂ ಒಂದೇ ಒಲೆಯ ಅನ್ನ ಎಂಬ ಕಟ್ಟುನಿಟ್ಟು ಅವರಿಗೆ ಹೊಸತಲ್ಲ. ಆದರೆ ಅಲ್ಲಿ ಗಂಟೆ ಯಾವಾಗ ಬಾರಿಸುತ್ತದೆಂಬುದು ಹಿರಿಯರಿಗೂ ಗೊತ್ತು, ಕಿರಿಯ ಬಾಲಕನಿಗೂ ಗೊತ್ತು. ಪೆಟ್ರೂಚಿಯೋನ ಮನೆಯಲ್ಲಿ ಉಪವಾಸ ಯಾವಾಗ ಮುಗಿಯುತ್ತದೆಂಬುದನ್ನು ಬಲ್ಲವನು ಅವನೊಬ್ಬನೇ. ಒಬ್ಬನು ನಿಯಮವನ್ನು ಪಾಲಿಸುತ್ತಾನೆ, ಇನ್ನೊಬ್ಬನು ತಾನೇ ನಿಯಮವಾಗುತ್ತಾನೆ. ಶಿಸ್ತಿಗೂ ಪಳಗಿಸುವಿಕೆಗೂ ಇರುವ ಗೆರೆ ಇದೇ ಎಂದು ನಮ್ಮ ತಿಳಿವಳಿಕೆ. ಆ ಗೆರೆಯನ್ನು ಗುರುಸ್ಥಾನದಲ್ಲಿರುವವರು ದಿನವೂ ನೋಡಿಕೊಳ್ಳಬೇಕಾದುದುಂಟು.

ಪಡುವಾಕ್ಕೆ ಹಿಂದಿರುಗುವ ದಾರಿಯಲ್ಲಿ ನಡೆಯುವ ಪ್ರಸಂಗ ಎಲ್ಲಕ್ಕೂ ಮಿಗಿಲಾದುದು. ನೆತ್ತಿಯ ಮೇಲೆ ಸೂರ್ಯನಿರುವಾಗ ಪೆಟ್ರೂಚಿಯೋ ಅದನ್ನು ಚಂದ್ರನೆನ್ನುತ್ತಾನೆ. ಅಲ್ಲವೆಂದರೆ ಪಯಣ ನಿಲ್ಲುತ್ತದೆ. ಅವಳು ಚಂದ್ರನೆಂದೊಪ್ಪಿದ ಕೂಡಲೇ ಅವನು ಮಾತು ತಿರುಗಿಸಿ ಸೂರ್ಯನೆನ್ನುತ್ತಾನೆ. ಅದಕ್ಕೂ ಅವಳು ಹೂಂಗುಟ್ಟುತ್ತಾಳೆ. ಎದುರಿಗೆ ಬಂದ ಮುದುಕನನ್ನು ಎಳೆಯ ಕನ್ಯೆಯೆಂದು ಹೊಗಳಬೇಕೆಂದರೆ ಹೊಗಳುತ್ತಾಳೆ. ಅನ್ನವನ್ನು ಕಸಿದುಕೊಂಡದ್ದು ಸಾಲದೆ ಈಗ ಕಣ್ಣನ್ನೇ ಕಸಿದುಕೊಂಡಂತಾಯಿತು. ತಾನು ಕಂಡದ್ದನ್ನು ಕಂಡೆನೆನ್ನುವ ಅಧಿಕಾರವನ್ನು ಬಿಟ್ಟುಕೊಟ್ಟವಳಲ್ಲಿ ಇನ್ನು ಬಿಡಬೇಕಾದದ್ದು ಏನು ಉಳಿದಿದೆ?

ಇಲ್ಲಿ ನಮ್ಮ ಕೀರ್ತನಕಾರರು ಹೇಳುವ ಒಂದು ಕಥೆ ಅಡ್ಡಬರುತ್ತದೆ. ತಿರುವಳ್ಳುವರ್ ನಡುಹಗಲಿನಲ್ಲಿ ನೇಯುತ್ತಿದ್ದಾಗ ಕೈಯಿಂದ ಲಾಳಿ ಜಾರಿತಂತೆ. ಅದನ್ನು ಹುಡುಕಲು ದೀಪ ತಾರೆಂದು ಅವರು ಹೆಂಡತಿ ವಾಸುಕಿಯನ್ನು ಕರೆದರು. ಆಕೆ ಮರುಮಾತಾಡದೆ ಬಿಸಿಲಿನಲ್ಲಿ ದೀಪ ಹಿಡಿದು ಬಂದಳು. ಸಂಸಾರ ಮೇಲೋ ಸಂನ್ಯಾಸ ಮೇಲೋ ಎಂದು ಕೇಳಬಂದವನಿಗೆ ಅದೇ ಉತ್ತರವಾಯಿತು. ಇಂಥ ಕಥೆ ಬೇರೆ ನೇಕಾರ ಸಂತರ ಹೆಸರಿಗೂ ಅಂಟಿಕೊಂಡಿದೆ. ಹಗಲಿನ ದೀಪಕ್ಕೂ ಹಗಲಿನ ಚಂದ್ರನಿಗೂ ಏನು ವ್ಯತ್ಯಾಸವೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಉದ್ಧಟತನದ್ದಲ್ಲ. ವಾಸುಕಿಯ ಹಿಂದೆ ಹಸಿವೆಯಿಲ್ಲ, ಬೆದರಿಕೆಯಿಲ್ಲ. ದೀಪ ತಂದವಳು ಅದನ್ನು ಹಗಲಲ್ಲವೆಂದು ಹೇಳಲೂ ಇಲ್ಲ. ಇಷ್ಟು ಅಂತರವುಂಟು. ಆದರೂ ಮದುವೆಯ ಮಂಟಪಗಳಲ್ಲಿ ಈ ಕಥೆಯನ್ನು ವಧುವಿನ ಕಡೆಗೇ ತಿರುಗಿ ಹೇಳುವ ರೂಢಿ ನಮಗೆ ಹಿಡಿಸದು. ನಡುಹಗಲಲ್ಲಿ ದೀಪ ಕೇಳುವ ಯೋಗ್ಯತೆ ವರನಿಗೆ ಎಲ್ಲಿಂದ ಬಂತೆಂಬುದನ್ನು ಉಪನ್ಯಾಸಕರು ವಿಚಾರಿಸುವುದಿಲ್ಲ.

ಕನ್ನಡ ಕಾವ್ಯದಲ್ಲಿ ಈ ವಸ್ತುವಿಗೆ ಮತ್ತೊಂದು ಮುಖವೂ ಇದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಬರುವ ಚಂಡಿಯ ಉಪಾಖ್ಯಾನವನ್ನು ನಮ್ಮ ಹಿರಿಯರು ಊರೂರಿನ ಗುಡಿಗಳಲ್ಲಿ ಓದಿಸಿ ಕೇಳುತ್ತಿದ್ದರು. ಉದ್ದಾಲಕನ ಹೆಂಡತಿ ಚಂಡಿ ಗಂಡ ಹೇಳಿದ್ದಕ್ಕೆಲ್ಲ ತಿರುವು ಮಾಡುವವಳು. ಬೇಕಾದುದನ್ನು ಬೇಡವೆಂದು ಹೇಳು ಎಂದು ಹಿರಿಯ ಋಷಿಯೊಬ್ಬನು ಉಪಾಯ ಹೇಳಿಕೊಟ್ಟನು. ಅಂದಿನಿಂದ ಎಲ್ಲವೂ ಸುಸೂತ್ರ. ತಂದೆಯ ಶ್ರಾದ್ಧವನ್ನು ಮಾಡುವುದು ಬೇಡವೆಂದನು, ಅವಳು ಸಾಂಗವಾಗಿ ಮಾಡಿಸಿದಳು. ಕಡೆಯಲ್ಲಿ ಸಂತೋಷದಿಂದ ಮೈಮರೆತು ಪಿಂಡವನ್ನು ನೀರಿಗೆ ಬಿಡೆಂದು ನೇರವಾಗಿ ಹೇಳಿಬಿಟ್ಟನು. ಅವಳು ಅದನ್ನು ತಿಪ್ಪೆಗೆ ಎಸೆದಳು. ಋಷಿ ಶಪಿಸಿದನು, ಅವಳು ಕಲ್ಲಾದಳು. ಪಾಂಡವರ ಯಜ್ಞದ ಕುದುರೆ ಆ ಬಂಡೆಗೆ ಅಂಟಿಕೊಂಡು, ಅರ್ಜುನನ ಸ್ಪರ್ಶದಿಂದ ಅವಳಿಗೆ ಬಿಡುಗಡೆ. ಷೇಕ್ಸ್‌ಪಿಯರನಿಗಿಂತ ಲಕ್ಷ್ಮೀಶನು ಇಲ್ಲಿ ಹೆಚ್ಚು ಪ್ರಾಮಾಣಿಕನೆಂದು ನಮಗೆ ತೋರುತ್ತದೆ. ಉಪಾಯದಿಂದ ಹೆಂಡತಿಯನ್ನು ಆಳಹೊರಟ ಗಂಡ ತನ್ನ ಮನೆಯಲ್ಲಿಯೇ ಒಂದು ನೇರವಾದ ಮಾತನ್ನಾಡುವ ಹಕ್ಕನ್ನು ಕಳೆದುಕೊಂಡನಲ್ಲ! ಅಂಕುಶ ಹಿಡಿದವನ ಕೈಯೂ ಅಂಕುಶಕ್ಕೆ ಕಟ್ಟುಬಿದ್ದದ್ದೇ. ಪೆಟ್ರೂಚಿಯೋನಿಗೆ ಇಂಥ ಮೈಮರೆವು ಒಮ್ಮೆಯೂ ಬರುವುದಿಲ್ಲ.

ತಿದ್ದುವುದೇ ತಪ್ಪೆಂದು ಇದರ ಅರ್ಥವಲ್ಲ. ರಾಯಚೂರು ಜಿಲ್ಲೆಯ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ವೃತ್ತಾಂತ ಎಲ್ಲರೂ ಬಲ್ಲದ್ದು. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಅದನ್ನು ಒಲೆಗೆ ಹಾಕದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಕಳಿಸಿದಳು. ಅಲ್ಲಿಯೂ ಅನ್ನವೇ ವಿಷಯ. ಆದರೆ ಲಕ್ಕಮ್ಮನು ಗಂಡನ ತುತ್ತನ್ನು ಕಸಿಯಲಿಲ್ಲ, ತನ್ನ ಪಾಲಿಗೂ ಬಂದ ಹೆಚ್ಚಿನ ತುತ್ತನ್ನು ಒಲ್ಲೆನೆಂದಳು. ಕಾರಣವನ್ನು ಬಾಯಿಬಿಟ್ಟು ಹೇಳಿದಳು. ಮಾರಯ್ಯನು ತಿಳಿದು ನಡೆದನು, ಪಳಗಿ ನಡೆಯಲಿಲ್ಲ. ಇಡೀ ‘ಶ್ರೂ’ ನಾಟಕದಲ್ಲಿ ಪೆಟ್ರೂಚಿಯೋ ಹೆಂಡತಿಗೆ ಒಂದು ಸಲವಾದರೂ ನಿಜವಾದ ಕಾರಣವನ್ನು ಹೇಳುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಕೊನೆಯ ಅಂಕದಲ್ಲಿ ಮೂವರು ಗಂಡಂದಿರು ಯಾರ ಹೆಂಡತಿ ಕರೆದ ಕೂಡಲೇ ಬರುತ್ತಾಳೆಂದು ನೂರು ಕ್ರೌನುಗಳ ಪಣ ಕಟ್ಟುತ್ತಾರೆ. ಸೌಮ್ಯೆಯಾದ ಬಿಯಾಂಕಾ ಬರುವುದಿಲ್ಲ. ಗಯ್ಯಾಳಿಯೆನಿಸಿದವಳು ಬಂದು, ಹೆಂಡತಿಯರ ಕರ್ತವ್ಯವನ್ನು ಕುರಿತು ನಾಟಕದಲ್ಲಿಯೇ ಅತ್ಯಂತ ದೀರ್ಘವಾದ ಭಾಷಣ ಮಾಡುತ್ತಾಳೆ. ಮಾವ ಹಿಗ್ಗಿ ಇನ್ನೂ ಇಪ್ಪತ್ತು ಸಾವಿರ ಕ್ರೌನುಗಳನ್ನು ಕೊಡುತ್ತಾನೆ. ಈ ಭಾಷಣವನ್ನು ಕೆಲವು ನಟಿಯರು ಮನಃಪೂರ್ವಕವಾಗಿಯೂ, ಕೆಲವರು ವ್ಯಂಗ್ಯವಾಗಿಯೂ, ಮತ್ತೆ ಕೆಲವರು ಜೀವವಿಲ್ಲದ ಗಿಳಿಪಾಠದಂತೆಯೂ ಒಪ್ಪಿಸಿದ್ದಾರೆ. ಇದರಿಂದ ಬೇಸರಗೊಂಡವರು ನಮ್ಮ ಕಾಲದವರು ಮಾತ್ರವಲ್ಲ. ಷೇಕ್ಸ್‌ಪಿಯರನ ಕಿರಿಯ ಸಮಕಾಲೀನನಾದ ಜಾನ್ ಫ್ಲೆಚರನು ಪೆಟ್ರೂಚಿಯೋನನ್ನು ಎರಡನೆಯ ಹೆಂಡತಿಯ ಕೈಯಲ್ಲಿ ಪಳಗಿಸುವ ಪ್ರತಿನಾಟಕವನ್ನೇ ಬರೆದನು. ಬರ್ನಾರ್ಡ್ ಷಾ ಈ ಕೊನೆಯ ದೃಶ್ಯವನ್ನು ಕಂಡು ಅಸಹ್ಯಪಟ್ಟನು. ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಮತ್ತು ಹಣಕಾಸಿನ ಪೀಡನೆಯನ್ನೂ ಹಿಂಸೆಯೆಂದೇ ಎಣಿಸಿತು. ನಾಟಕ ಹುಟ್ಟಿದ ಇಂಗ್ಲೆಂಡಿನಲ್ಲಿಯೇ 2015ರಲ್ಲಿ, ಮನೆಯವರನ್ನು ಹೀಗೆ ಹಂತಹಂತವಾಗಿ ಹತೋಟಿಗೆ ತರುವುದು ಶಿಕ್ಷಾರ್ಹ ಅಪರಾಧವೆಂದು ಶಾಸನವಾಯಿತು.

ಹಾಗಾದರೆ ಈ ನಾಟಕವನ್ನು ಕಟ್ಟಿಡಬೇಕೇ? ಬೇಡವೆಂಬುದೇ ನಮ್ಮ ಅಭಿಪ್ರಾಯ. ಕವಿಯು ಇದಕ್ಕೊಂದು ಪ್ರಸ್ತಾವನೆಯನ್ನು ಬರೆದಿದ್ದಾನೆ, ಅದನ್ನು ಬಿಟ್ಟು ಆಡುವುದೇ ಬಹುತೇಕ ರೂಢಿ. ನಮ್ಮ ‘ನಂಜುಂಡಿ ಕಲ್ಯಾಣ’ದಲ್ಲಿಯೂ ಅದಿಲ್ಲ. ಕ್ರಿಸ್ಟೋಫರ್ ಸ್ಲೈ ಎಂಬ ಬಡ ಕಲಾಯಿಗಾರ ಕುಡಿದು ಹೆಂಡದಂಗಡಿಯ ಮುಂದೆ ಬಿದ್ದಿರುತ್ತಾನೆ. ಬೇಟೆಯಿಂದ ಮರಳುವ ದೊರೆಯೊಬ್ಬನು ವಿನೋದಕ್ಕಾಗಿ ಅವನನ್ನು ಅರಮನೆಗೆ ಹೊರಿಸಿ, ರೇಷ್ಮೆ ಉಡಿಸಿ, ಎಚ್ಚರವಾದಾಗ ‘ನೀನೇ ಒಡೆಯ, ಬಹುಕಾಲ ಬುದ್ಧಿಭ್ರಮಣೆಯಲ್ಲಿದ್ದೆ’ ಎಂದು ಆಳುಗಳಿಂದ ನಂಬಿಸುತ್ತಾನೆ. ಹುಡುಗನೊಬ್ಬನಿಗೆ ಸೀರೆಯುಡಿಸಿದಂತೆ ವೇಷ ಹಾಕಿಸಿ ಇವಳೇ ನಿನ್ನ ಹೆಂಡತಿ ಎನ್ನುತ್ತಾನೆ. ಆ ಸ್ಲೈಯ ಮುಂದೆ ಆಡಿ ತೋರಿಸುವ ಆಟವೇ ಗಯ್ಯಾಳಿಯ ಕಥೆ. ಅಂದರೆ ಕ್ಯಾಥರೀನಳು ತನ್ನ ಕಣ್ಣನ್ನು ತಾನೇ ನಂಬದಂತಾಗುವುದನ್ನು ನೋಡಿ ನಗುವವನು, ಆಗಲೇ ಇನ್ನೊಬ್ಬನ ಆಟಕ್ಕೆ ತನ್ನ ಕಣ್ಣನ್ನು ಒಪ್ಪಿಸಿದವನು. ಈ ಚೌಕಟ್ಟಿದ್ದರೆ ನಾಟಕ ಪ್ರಹಸನ. ಅದನ್ನು ಕಿತ್ತರೆ ಅದೇ ನಾಟಕ ಉಪದೇಶವಾಗಿಬಿಡುತ್ತದೆ.

ವಾಡಿಯಿಂದ ರಾಯಚೂರಿನ ಕಡೆ ಹೋಗುವ ರೈಲುದಾರಿಯ ನಾಲವಾರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಜಾತ್ರೆಯ ರಾತ್ರಿಗಳಲ್ಲಿ ನಾಟಕವಾಡುವ ಯುವಕರಿದ್ದಾರೆ. ಅವರು ಈ ಕಥೆಯನ್ನು ಎತ್ತಿಕೊಳ್ಳುವುದಾದರೆ ಸ್ಲೈಯನ್ನು ಬಿಡಬಾರದು. ಅವನು ಶಹಾಬಾದದ ಕಲ್ಲುಗಣಿಯಲ್ಲಿ ವಾರದ ಕೂಲಿ ಎಣಿಸಿಕೊಂಡು ಬಂದವನಾಗಬಹುದು, ದೊರೆಯು ಊರ ಸಾಹುಕಾರನಾಗಬಹುದು. ರಂಗದ ಒಂದು ಮೂಲೆಯಲ್ಲಿ ಅವನಿಗೊಂದು ಎತ್ತರದ ಕುರ್ಚಿ ಹಾಕಿ, ಕೊನೆಯವರೆಗೂ ಕೂಡಿಸಿರಬೇಕು. 1623ರ ಸಂಪುಟದಲ್ಲಿ ಅಚ್ಚಾದ ಪಾಠದಲ್ಲಿ ಅವನು ನಡುವೆಯೇ ಮರೆಯಾಗುತ್ತಾನೆ. ಆದರೆ 1594ರಲ್ಲಿ ಅಚ್ಚಾದ, ಇದರ ಸೋದರನಂತಿರುವ ಮತ್ತೊಂದು ನಾಟಕದಲ್ಲಿ ಅವನ ಕಥೆ ಮುಗಿಯುತ್ತದೆ. ಅಲ್ಲಿ ಬೆಳಗಿನ ಜಾವ ಅವನನ್ನು ಮತ್ತೆ ಹಳೆಯ ಬಟ್ಟೆಯಲ್ಲಿ ಹೆಂಡದಂಗಡಿಯ ಮುಂದೆ ಹಾಕಿ ಹೋಗಿರುತ್ತಾರೆ. ಅಂಗಡಿಯವನು ಎಬ್ಬಿಸಿ, ಮನೆಗೆ ಹೋದರೆ ಹೆಂಡತಿ ಬಿಡಿಸಿಕೊಂಡು ಬೈಯುತ್ತಾಳೆಂದು ಎಚ್ಚರಿಸುತ್ತಾನೆ. ತಾನು ಎಂದೂ ಕಾಣದಂಥ ಒಳ್ಳೆಯ ಕನಸು ಕಂಡೆನೆಂದೂ, ಗಯ್ಯಾಳಿಯನ್ನು ಪಳಗಿಸುವ ಬಗೆ ಈಗ ತನಗೆ ತಿಳಿಯಿತೆಂದೂ ಹೇಳಿ, ಕುಡುಕ ಮನೆಯ ದಾರಿ ಹಿಡಿಯುತ್ತಾನೆ.