ಕಾದು ಕಟ್ಟಿದ ಎಡಗಡೆ

ಬದಲಾಪುರದಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿದರೆ ನೆರೂಳ್. 2014ರಲ್ಲಿ ಮುಂಬೈ ಸಿಟಿ ಎಫ್‌ಸಿಯ ತವರು ಅಲ್ಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣ. ಆ ವರ್ಷ ತಂಡಕ್ಕೆ ಅನೆಲ್ಕಾ ಬಂದರು, ಲ್ಯುಂಗ್‌ಬರ್ಗ್ ಬಂದರು. ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಎಂಟು ತಂಡಗಳಲ್ಲಿ ಸಿಕ್ಕಿದ್ದು ಏಳನೇ ಸ್ಥಾನ. 2016ರಲ್ಲಿ ಫೋರ್ಲಾನ್ ಬಂದಾಗ ಆಟಕ್ಕೆ ಕಳೆ ಬಂತು, ಆದರೆ ಓಟ ಸೆಮಿಫೈನಲ್‌ನಲ್ಲಿ ಮುಗಿಯಿತು. ದೊಡ್ಡ ಹೆಸರುಗಳು ಟಿಕೆಟ್ ಮಾರಿಸುತ್ತವೆ, ಬೇಡವೆನ್ನಲಾರೆ.

ಆದರೆ ನನಗೆ ಮೆಚ್ಚುಗೆ ಇರುವುದು ಬಿಪಿನ್ ಸಿಂಗ್ ಮೇಲೆ. ಈ ಮಣಿಪುರಿ ಹುಡುಗ 2018ರಲ್ಲಿ ಸದ್ದಿಲ್ಲದೆ ಎಡಗಡೆಯ ವಿಂಗರ್ ಆಗಿ ಬಂದ. ಮೊದಲೆರಡು ಋತು ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಕೈಬಿಡಲು ಕಾರಣ ಬೇಕಾದಷ್ಟಿತ್ತು, ಕ್ಲಬ್ ಬಿಡಲಿಲ್ಲ. 2020–21ರಲ್ಲಿ ಒಡಿಶಾ ವಿರುದ್ಧ ಹ್ಯಾಟ್ರಿಕ್. ಆಮೇಲೆ 2021ರ ಮಾರ್ಚ್ 13ರಂದು ಗೋವಾದ ಫಟೋರ್ಡಾದಲ್ಲಿ ಲೀಗ್ ಫೈನಲ್: 1–1, ತೊಂಬತ್ತನೇ ನಿಮಿಷ, ಜೊತೆಗಾರ ಒಗ್ಬೆಚೆಯ ಪಾಸು, ಬಿಪಿನ್‌ನ ಗೋಲು. ಎಟಿಕೆ ಮೋಹನ್ ಬಾಗಾನ್‌ಗೆ ಉಸಿರಾಡಲೂ ಬಿಡುವಿರಲಿಲ್ಲ.

ಹಾಗಂತ ಆ ಗೆಲುವು ಬರೀ ತಾಳ್ಮೆಯ ಫಲವೂ ಅಲ್ಲ. ಕೋಚ್ ಲೊಬೆರಾ ಹಿಂದೆಯೇ ಎಫ್‌ಸಿ ಗೋವಾದಿಂದ ಫಾಲ್, ಜಾಹೂ, ಬೂಮೂಸ್, ಮಂದಾರ್ ರಾವ್ ದೇಸಾಯಿ ಬಂದಿದ್ದರು. ಸಿದ್ಧ ಅಡುಗೆಯನ್ನೇ ಪಾತ್ರೆ ಸಮೇತ ಎತ್ತಿ ತಂದಂತೆ! ಆದರೆ ಬಂದವರು ಒಬ್ಬರ ಆಟ ಒಬ್ಬರಿಗೆ ಗೊತ್ತಿದ್ದವರು. ಅವರ ನಡುವೆ ಬಿಪಿನ್‌ಗೆ ಓಡಲು ಜಾಗ ಸಿಕ್ಕಿತು.

2024ರ ಮೇ 4ರಂದು ಕೋಲ್ಕತ್ತದ ಫೈನಲ್. ಈ ಸಲ ಲೊಬೆರಾ, ಫಾಲ್, ಜಾಹೂ ಯಾರೂ ತಂಡದಲ್ಲಿರಲಿಲ್ಲ. ಮೋಹನ್ ಬಾಗಾನ್ ವಿರುದ್ಧ 3–1 ಜಯ. ಎರಡನೇ ಗೋಲು ಮತ್ತೆ ಬಿಪಿನ್‌ನದೇ.