‘ಎಣ್ಣೆ ಹಾಕಿ’ ಎಂದರೆ ಯಾವ ಎಣ್ಣೆ? ಸೈಕಲ್ ಫೋರ್ಕಿನ ನಿರ್ವಹಣಾ ಸೂಚನೆಗಳ ಒಂದು ವಿಮರ್ಶಾತ್ಮಕ ಓದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಾತಿನ ಬರಹರೂಪ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಕನ್ನಡ ವಿಮರ್ಶೆಯ ಗೋಷ್ಠಿಯಲ್ಲಿ ಸೈಕಲ್ ರಿಪೇರಿಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ನಾವು ಕವಿತೆ, ಕಾದಂಬರಿ ಓದುವುದಕ್ಕಿಂತ ಹೆಚ್ಚು ಸಲ ಸೂಚನೆಗಳನ್ನು ಓದುತ್ತೇವೆ. ಔಷಧದ ಪೊಟ್ಟಣ, ಗೊಬ್ಬರದ ಚೀಲ, ಮಿಕ್ಸಿಯ ಜೊತೆ ಬರುವ ಪುಸ್ತಿಕೆ, ಎಲ್ಲದರಲ್ಲೂ ಈ ಗದ್ಯ ಉಂಟು. ಆದರೆ ಅದನ್ನು ಪಠ್ಯ ಎಂದು ಎದುರಿಗಿಟ್ಟುಕೊಂಡು ನಾವು ಓದಿದ್ದು ಕಡಿಮೆ. ಕವಿತೆಯನ್ನು ತಪ್ಪಾಗಿ ಓದಿದರೆ ಕವಿತೆಗೆ ಏನೂ ಆಗುವುದಿಲ್ಲ. ಸೂಚನೆಯನ್ನು ತಪ್ಪಾಗಿ ಓದಿದರೆ ವಸ್ತು ಹಾಳಾಗುತ್ತದೆ. ಇಳಿಜಾರಿನಲ್ಲಾದರೆ ಹಲ್ಲು ಮುರಿಯುತ್ತದೆ.

ನಾನು ಆಯ್ದುಕೊಂಡದ್ದು ಮೌಂಟನ್ ಬೈಕ್, ಅಂದರೆ ನಮ್ಮ ಕಡೆ ‘ಗೇರ್ ಸೈಕಲ್’ ಅನ್ನುವುದರ ಮುಂದಿನ ಸಸ್ಪೆನ್ಶನ್ ಫೋರ್ಕಿನ ನಿರ್ವಹಣೆಯ ಸೂಚನೆಗಳನ್ನು. ನನ್ನ ವಾದ ಇಷ್ಟೇ: ಇಲ್ಲಿ ದಾರಿ ತಪ್ಪಿಸುವ ಸೂಚನೆಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಅವು ಯಾವುದೋ ಒಂದು ಫೋರ್ಕಿಗೆ, ಯಾವುದೋ ಒಂದು ಹವೆಗೆ ಸತ್ಯವಾದ ವಾಕ್ಯಗಳೇ. ಅಲ್ಲಿಂದ ಇಲ್ಲಿಗೆ ಬರುವಾಗ ಅವುಗಳ ವಿಳಾಸ ಕಳಚಿ ಬಿದ್ದಿರುತ್ತದೆ. ವಿಳಾಸವಿಲ್ಲದ ಸತ್ಯವಾಕ್ಯ ಸುಳ್ಳಿಗಿಂತ ಹೆಚ್ಚು ಹಾನಿ ಮಾಡಬಲ್ಲದು, ಯಾಕೆಂದರೆ ಅದನ್ನು ಯಾರೂ ಸಂಶಯಿಸುವುದಿಲ್ಲ.

1. ಫೋರ್ಕಿನ ಒಳಗೆ

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಮೇಲೆ ಹೊಳೆಯುವ ಎರಡು ಕೊಳವೆ. ಅವು ಕೆಳಗಿನ ಎರಡು ಹೊರಕೊಳವೆಗಳ ಒಳಗೆ ಜಾರುತ್ತವೆ. ಜಾರುವ ಜಾಗದಲ್ಲಿ ಬುಷ್‌ಗಳು. ಬಾಯಲ್ಲಿ ಧೂಳು ತಡೆಯುವ ರಬ್ಬರಿನ ಸೀಲ್. ಉತ್ತಮ ಫೋರ್ಕುಗಳಲ್ಲಿ ಸೀಲಿನ ಅಡಿಗೆ ಎಣ್ಣೆ ಹೀರಿಟ್ಟುಕೊಳ್ಳುವ ಸ್ಪಂಜಿನ ಬಳೆ. ಒಂದು ಕಾಲಿನಲ್ಲಿ ಉಕ್ಕಿನ ಸ್ಪ್ರಿಂಗ್ ಅಥವಾ ಒತ್ತಡದ ಗಾಳಿ. ಇನ್ನೊಂದು ಕಾಲಿನಲ್ಲಿ, ಕುಪ್ಪಳಿಸುವುದನ್ನು ಹಿಡಿದು ನಿಲ್ಲಿಸುವ ಡ್ಯಾಂಪರ್. ಹೊರಕೊಳವೆಗಳನ್ನು ಹಿಡಿದಿಡುವುದು ತಳದ ಎರಡು ಬೋಲ್ಟುಗಳು. ‘ಸರ್ವಿಸ್’ ಎಂಬ ಒಂದೇ ಶಬ್ದ ಇಲ್ಲಿ ಎರಡು ಕೆಲಸಗಳಿಗೆ ಬಳಕೆಯಾಗುತ್ತದೆ. ಹೊರಕೊಳವೆ ಇಳಿಸಿ ಶುಚಿಮಾಡಿ ಎಣ್ಣೆ ಬದಲಿಸುವುದು ಒಂದು. ಗಾಳಿಯ ಭಾಗವನ್ನೂ ಡ್ಯಾಂಪರನ್ನೂ ಬಿಚ್ಚುವುದು ಇನ್ನೊಂದು. ಗೊಂದಲ ಶುರುವಾಗುವುದು ಇಲ್ಲೇ.

2. ಎಣ್ಣೆ

ಮೊದಲ ಉದಾಹರಣೆ ಭಾಷೆಯದ್ದೇ. ಇಂಗ್ಲಿಷ್ ಕೈಪಿಡಿಯಲ್ಲಿ ಸಸ್ಪೆನ್ಶನ್ ಆಯಿಲ್, ಗ್ರೀಸ್, ಸಿಲಿಕಾನ್ ಸ್ಪ್ರೇ, ಚೈನ್ ಲೂಬ್ ಇವು ಬೇರೆ ಬೇರೆ ವಸ್ತುಗಳು. ಕಾಸರಗೋಡಿನಲ್ಲಿ ಈ ಸೂಚನೆ ಇಂಗ್ಲಿಷಿನಲ್ಲಿ ಹುಟ್ಟಿ, ಹಿಂದಿ ಇಲ್ಲವೆ ಮಲಯಾಳಂ ವಿಡಿಯೊ ದಾಟಿ, ತುಳುವಿನಲ್ಲೋ ಕನ್ನಡದಲ್ಲೋ ಬಾಯಿಂದ ಬಾಯಿಗೆ ಹೋಗುತ್ತದೆ. ತಲುಪುವಾಗ ಉಳಿಯುವುದು ಎರಡೇ ಶಬ್ದ: ‘ಎಣ್ಣೆ ಹಾಕಿ’. ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಲು ಕೇರಳದ ಭಾಷಾ ಕಾನೂನಿನ ಆಸರೆ ನಮಗುಂಟು. ಪೆಟ್ಟಿಗೆಯ ಜೊತೆ ಬರುವ ಪುಸ್ತಿಕೆಯ ಮುಂದೆ ಅಂಥ ಆಸರೆ ಏನೂ ಕಾಣುವುದಿಲ್ಲ.

‘ಎಣ್ಣೆ ಹಾಕಿ’ ಎಂದದ್ದಕ್ಕೆ ಅನೇಕರು ಮಾಡುವುದು ಏನು? ಮನೆಯಲ್ಲಿರುವ ಡಬ್ಲ್ಯುಡಿ-40 ತೆಗೆದು ಹೊಳೆಯುವ ಕೊಳವೆಗೆ ಹೊಡೆಯುವುದು, ನಾಲ್ಕು ಸಲ ಒತ್ತುವುದು, ಮೇಲೆ ಬಂದ ಕಪ್ಪು ಗೆರೆಯನ್ನು ಬಟ್ಟೆಯಿಂದ ಒರೆಸುವುದು. ಫೋರ್ಕ್ ಆ ಕ್ಷಣಕ್ಕೆ ನಯವಾಗುವುದೂ ನಿಜ. ಆದರೆ ಆ ದ್ರವದ ಮುಖ್ಯ ಗುಣ ನೀರನ್ನು ಹೊರದಬ್ಬುವುದು, ಜಿಡ್ಡನ್ನು ಕರಗಿಸುವುದು. ಸೀಲಿನ ಒಳಗಿರುವ ಗ್ರೀಸನ್ನೂ ಅದು ಸಡಿಲಿಸುತ್ತದೆ. ಕಪ್ಪು ಗೆರೆ ಕಂಡವರಿಗೆ ‘ಕೊಳೆ ಹೊರಗೆ ಬಂತು’ ಅನ್ನಿಸುತ್ತದೆ. ಒಳಗಿನ ಜಿಡ್ಡೂ ಅದರ ಜೊತೆ ಹೊರಗೆ ಬಂತು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಈ ಸೂಚನೆ ಜನಪ್ರಿಯವಾದದ್ದು ಅದು ಪುರಾವೆಯನ್ನು ಕಣ್ಣೆದುರೇ ತೋರಿಸುತ್ತದೆ ಎಂಬ ಕಾರಣಕ್ಕೆ, ಅಲ್ವಾ?

ಇನ್ನೊಂದು, ಇದರ ತದ್ವಿರುದ್ಧ. ‘ಹೊರಕೊಳವೆಗೆ ಇಷ್ಟು ಮಿಲಿಲೀಟರ್ ಎಣ್ಣೆ ತುಂಬಿ’ ಎಂಬುದು ಸ್ಪಂಜಿನ ಬಳೆ ಇರುವ ಗಾಳಿಫೋರ್ಕಿಗೆ ಸರಿಯಾದ ಮಾತು. ಎಸ್‌ಆರ್ ಸನ್‌ಟೂರ್ ಎಕ್ಸ್‌ಸಿಟಿಯಂಥ ಆರಂಭಿಕ ಮಟ್ಟದ ಸ್ಪ್ರಿಂಗ್ ಫೋರ್ಕುಗಳು ಗ್ರೀಸಿನಿಂದ ನಡೆಯುವಂಥವು. ಅದರಲ್ಲಿ ಎಣ್ಣೆ ಸುರಿದರೆ ಅದು ಹೊರಗೆ ಜಿನುಗಿ ಧೂಳನ್ನು ಅಂಟಿಸಿಕೊಳ್ಳುತ್ತದೆ. ಗಾಳಿಫೋರ್ಕಿನಲ್ಲೂ ಬೇಕಾದ್ದು ಕೆಲವೇ ಮಿಲಿಲೀಟರ್. ‘ಸ್ವಲ್ಪ ಜಾಸ್ತಿ ಇರಲಿ’ ಎಂದು ಸುರಿದರೆ ಒಳಗಿನ ಗಾಳಿಗೆ ಜಾಗ ಸಾಲದೆ ಫೋರ್ಕ್ ಪೂರ್ತಿ ಇಳಿಯುವುದೇ ಇಲ್ಲ.

ಎಣ್ಣೆಯ ಡಬ್ಬಿಯ ಮೇಲಿನ ‘10’ ಎಂಬ ಅಂಕೆಯೂ ಹೀಗೆಯೇ. ಒಂದು ಕಂಪೆನಿಯ ಹತ್ತು ಇನ್ನೊಂದರ ಹತ್ತಕ್ಕೆ ಸಮ ಅಲ್ಲ. ನಿಜವಾಗಿ ಹೋಲಿಸಬೇಕಾದ್ದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಸ್ನಿಗ್ಧತೆ. ಅದು ಸಣ್ಣಕ್ಷರದಲ್ಲಿರುತ್ತದೆ, ಅಥವಾ ಡಬ್ಬಿಯಲ್ಲಿ ಇರುವುದೇ ಇಲ್ಲ.

3. ಗಂಟೆ

ಎರಡನೆಯದು ಕಾಲದ ಲೆಕ್ಕ. ರಾಕ್‌ಶಾಕ್ಸ್ ತನ್ನ ಇತ್ತೀಚಿನ ಹಲವು ಫೋರ್ಕುಗಳಿಗೆ ಹೊರಕೊಳವೆಯ ಸರ್ವಿಸನ್ನು 50 ಗಂಟೆಗೊಮ್ಮೆ, ಒಳಗಿನ ಪೂರ್ಣ ಸರ್ವಿಸನ್ನು 200 ಗಂಟೆಗೊಮ್ಮೆ ಹೇಳುತ್ತದೆ. ಫಾಕ್ಸ್ ಹೇಳುವುದು 125 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅವಸರದಲ್ಲಿ ಓದಿದವರು ‘ಒಂದಕ್ಕೆ 50, ಇನ್ನೊಂದಕ್ಕೆ 125, ಹಾಗಾದರೆ ಎರಡನೆಯದೇ ಗಟ್ಟಿ’ ಅಂತ ತೀರ್ಮಾನ ಮಾಡ್ತಾರೆ. ಆದರೆ 50 ಎಂಬುದು ಎಣ್ಣೆ ಬದಲಿಸುವ ಸಣ್ಣ ಕೆಲಸದ ಲೆಕ್ಕ, 125 ಎಂಬುದು ಪೂರ್ಣ ಸರ್ವಿಸಿನ ಲೆಕ್ಕ. ಎರಡು ಬೇರೆ ಬೇರೆ ನಾಮಪದಗಳಿಗೆ ಸೇರಿದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ ಹಾಗಾಯಿತು.

ಇನ್ನು, ‘ಗಂಟೆ’ ಎಂದರೆ ಯಾವ ಊರಿನ ಗಂಟೆ? ದಿನಕ್ಕೊಂದು ಗಂಟೆ ತುಳಿದರೆ 50 ಗಂಟೆ ಎರಡು ತಿಂಗಳೊಳಗೆ ಮುಗಿಯಿತು. ಆ ಎರಡು ತಿಂಗಳು ಜನವರಿ–ಫೆಬ್ರವರಿಯಾದರೆ ಪದವಿನ ಮುರಕಲ್ಲಿನ ಕೆಂಪು ಧೂಳು. ಜೂನ್–ಜುಲೈ ಆದರೆ ಅದೇ ಮಣ್ಣು ಕೆಸರಾಗಿ ಸೀಲಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬರುವ ಜಿಲ್ಲೆ ಇದು. ಒಂದು ಬದಿಯುದ್ದಕ್ಕೂ ಕಡಲು. ಇಲ್ಲಿ ಸೈಕಲ್ ನಿಂತಲ್ಲೇ ಹಾಳಾಗುತ್ತದೆ. ಆಟಿ ತಿಂಗಳಿಡೀ ಜಗಲಿಯಲ್ಲಿ ಒರಗಿಸಿಟ್ಟ ಸೈಕಲಿಗೆ ಸವಾರಿಯ ಗಂಟೆ ಸೊನ್ನೆ. ಆದರೆ ಕ್ರೋಮ್ ಲೇಪದ ಉಕ್ಕಿನ ಕೊಳವೆಯಲ್ಲಿ ಅಷ್ಟರಲ್ಲಿ ತುಕ್ಕಿನ ಚುಕ್ಕಿ ಎದ್ದಿರುತ್ತದೆ. ಆ ಚುಕ್ಕಿ ಅರದ ಹಾಗೆ ಸೀಲನ್ನು ತಿನ್ನುತ್ತದೆ. ‘ಒದ್ದೆ, ಕೆಸರು ಇದ್ದಲ್ಲಿ ಇನ್ನೂ ಬೇಗ ಮಾಡಿ’ ಎಂಬ ಸಾಲು ಕೈಪಿಡಿಗಳಲ್ಲಿ ಇರುತ್ತದೆ. ಬರೆದವರಿಗೆ ಅದು ಅಪವಾದ, ನಮಗೆ ಅದೇ ನಿಯಮ. ಸಂಖ್ಯೆ ಕೋಷ್ಟಕದಲ್ಲಿ, ಷರತ್ತು ಅಡಿಟಿಪ್ಪಣಿಯಲ್ಲಿ ಕೂತಾಗ ಓದುಗರ ನೆನಪಿನಲ್ಲಿ ಉಳಿಯುವುದು ಕೋಷ್ಟಕವೇ.

4. ಒಳ್ಳೆಯ ಸೂಚನೆಗೆ ಒಂದು ಮಾದರಿ

ಹಾಗಾದರೆ ಒಳ್ಳೆಯ ಸೂಚನೆ ಹೇಗಿರುತ್ತದೆ? ಹುಡುಕಲು ದೂರ ಹೋಗಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಸೂಚನೆಯನ್ನು ನೋಡಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು: ಪ್ರಮಾಣ ಹೇಳಿಯಾಯಿತು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗಲ್ಲ: ಕ್ರಮ ಹೇಳಿಯಾಯಿತು. ಉಜ್ಜಿದ ಚಾಕುವನ್ನು ಅದ್ದಿ ನೋಡು, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು: ಪರೀಕ್ಷೆಯೂ ಹೇಳಿಯಾಯಿತು. ಮೊದಲ ಸಿಂಪರಣೆ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40–45 ದಿನ ಕಳೆದು: ಕಾಲವನ್ನು ಮಳೆಗೇ ಕಟ್ಟಲಾಗಿದೆ.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಚಾಕು. ತಪ್ಪು ಎಲ್ಲಾಗಬಹುದು ಎಂದು ಆ ಸೂಚನೆಗೆ ಗೊತ್ತು. ತಪ್ಪಿದ್ದನ್ನು ಓದುಗರೇ ಕಂಡುಕೊಳ್ಳುವ ದಾರಿಯನ್ನು ಅದು ತನ್ನ ಜೊತೆಗೇ ಕೊಟ್ಟಿದೆ.

ಫೋರ್ಕಿಗೂ ಅಂಥ ಚಾಕು ಉಂಟು: ಹೊರಗೆ ಇಳಿದ ಹಳೆಯ ಎಣ್ಣೆ. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಮರಳು ಮರಳಾಗಿದ್ದರೆ ಸೀಲ್ ಸೋತಿದೆ. ಹಾಕಿದ್ದಕ್ಕಿಂತ ತುಂಬ ಕಡಿಮೆ ಇಳಿದರೆ ಎಲ್ಲೋ ಸೋರಿದೆ. ಹಾಕಿದ್ದಕ್ಕಿಂತ ಹೆಚ್ಚು ಇಳಿದರೆ ಡ್ಯಾಂಪರಿನದ್ದು ಸೋರಿ ಇಲ್ಲಿಗೆ ಬಂದಿರಬಹುದು. ಬಣ್ಣ ಬದಲಾಗದೆ ಇಳಿದರೆ ಮುಂದಿನ ಸಲಕ್ಕೆ ಇನ್ನೂ ಸ್ವಲ್ಪ ಕಾಯಬಹುದು. 50 ಎಂಬ ಸಂಖ್ಯೆಯನ್ನು ನಮ್ಮ ಊರಿಗೆ ತಿದ್ದಿಕೊಳ್ಳುವ ದಾರಿ ಇದು. ಬಹಳಷ್ಟು ಸೂಚನೆಗಳು ಮಾತ್ರ ‘ಹಳೆಯ ಎಣ್ಣೆಯನ್ನು ತೆಗೆಯಿರಿ’ ಎಂದು ಒಂದೇ ಉಸಿರಿಗೆ ಮುಂದೆ ಹೋಗುತ್ತವೆ.

5. ಬಿಗಿಯಿರಿ, ಬಿಚ್ಚಬೇಡಿ

‘ಚೆನ್ನಾಗಿ ಬಿಗಿಯಿರಿ’ ಎಂಬುದು ಮೂರನೆಯ ವಿಳಾಸವಿಲ್ಲದ ವಾಕ್ಯ. ರಾಕ್‌ಶಾಕ್ಸ್‌ನ ಅನೇಕ ಫೋರ್ಕುಗಳಲ್ಲಿ ತಳದ ಬೋಲ್ಟಿಗೆ 7.3 ನ್ಯೂಟನ್ ಮೀಟರ್ ಸಾಕು; ಅದೇ ಬಿಗಿತ ಇಂಚು-ಪೌಂಡಿನಲ್ಲಿ 65. ಈ 65ನ್ನು ಅಡಿ-ಪೌಂಡ್ ಅಂತ ಓದಿದರೆ ಬಿಗಿತ ಹನ್ನೆರಡು ಪಟ್ಟಾಯಿತು. ಅಲ್ಲಿಗೆ ಮುಟ್ಟುವ ಮೊದಲೇ ಮರೆ ಹರಿದುಹೋಗುತ್ತದೆ. ಕಡಿಮೆ ಬಿಗಿದು ಬೋಲ್ಟ್ ಸಡಿಲವಾದರೆ ಚಕ್ರದೊಂದಿಗೆ ಹೊರಕೊಳವೆಯೇ ಕಳಚಿಬರುವ ಅಪಾಯ. ಕ್ರಮದ ವಿಷಯವೂ ಅಷ್ಟೇ. ಗಾಳಿಫೋರ್ಕಿನಲ್ಲಿ ಒತ್ತಡವನ್ನು ಪೂರ್ತಿ ಬಿಟ್ಟ ಮೇಲೆಯೇ ಬೋಲ್ಟಿಗೆ ಕೈಹಾಕಬೇಕು. ಈ ಮಾತು ಮೂರನೇ ಹಂತದ ಮಧ್ಯದಲ್ಲಿ ಬಂದರೆ ಪ್ರಯೋಜನವಿಲ್ಲ.

ಪೆಟ್ಟಿಗೆಯ ಪುಸ್ತಿಕೆ ಸಾಮಾನ್ಯವಾಗಿ ‘ನೀವು ಬಿಚ್ಚಬೇಡಿ, ಅರ್ಹ ಮೆಕ್ಯಾನಿಕ್ ಬಳಿ ಒಯ್ಯಿರಿ’ ಅನ್ನುತ್ತದೆ. ಅದೇ ಕಂಪೆನಿಗಳ ಸರ್ವಿಸ್ ಕೈಪಿಡಿ ಬಿಚ್ಚುವ ಪ್ರತಿಯೊಂದು ಹಂತವನ್ನೂ ಚಿತ್ರಸಹಿತ ತೋರಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಒಂದೇ ವಸ್ತುವಿಗೆ ಎರಡು ಪಠ್ಯ, ಎರಡು ಕಲ್ಪಿತ ಓದುಗರು: ಒಬ್ಬರು ಕೊಳ್ಳುವವರು, ಇನ್ನೊಬ್ಬರು ಕೆಲಸ ಬಲ್ಲವರು. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಇಬ್ಬರೂ ಒಬ್ಬರೇ ಆಗಿರಬಹುದು ಎಂಬುದು ಆ ಎರಡು ಪಠ್ಯಗಳ ಕಲ್ಪನೆಯಲ್ಲೇ ಇಲ್ಲ. ಡ್ಯಾಂಪರಿನ ಮಟ್ಟಿಗೆ ಆ ಎಚ್ಚರಿಕೆ ನ್ಯಾಯವಾದದ್ದು, ಅದಕ್ಕೆ ವಿಶೇಷ ಉಪಕರಣ ಬೇಕು. ಹೊರಕೊಳವೆಯ ಕೆಲಸಕ್ಕೂ ಅದೇ ವಾಕ್ಯವನ್ನು ಹಾಸಿದಾಗ ಅದು ಎಚ್ಚರಿಕೆಗಿಂತ ಹೆಚ್ಚಾಗಿ ಕಂಪೆನಿಯ ಕೈತೊಳೆದುಕೊಳ್ಳುವ ಮಾತಾಗುತ್ತದೆ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗೆ ಸಮಿತಿ ರಚಿಸಿ, ಡಿಸೆಂಬರ್ 24ರಂದು ಜಾಲತಾಣವನ್ನೂ ತೆರೆಯಿತು. ಆಗ ಗುರುತಿಸಿದ್ದು ಕೃಷಿ ಉಪಕರಣ, ಮೊಬೈಲ್–ಇಲೆಕ್ಟ್ರಾನಿಕ್ಸ್, ಗೃಹೋಪಕರಣ, ವಾಹನ ಕ್ಷೇತ್ರಗಳನ್ನು. ಸೈಕಲಿಗೆ ಪ್ರತ್ಯೇಕ ಹೆಸರಿಲ್ಲ. ಭಾಷೆಯ ಪ್ರಶ್ನೆಯೂ ಆ ಹಕ್ಕಿನ ಭಾಗ ಎಂದು ನಾವು ಹೇಳಬೇಕಾಗಿದೆ. ಅರ್ಥವಾಗದ ಕೈಪಿಡಿ, ಸಿಗದ ಬಿಡಿಭಾಗ ಎರಡೂ ಒಂದೇ.

ಸಂವಾದದಿಂದ

ಪ್ರಶ್ನೆ: ಕೈಪಿಡಿಗಿಂತ ಪೇಟೆಯ ಸೈಕಲ್ ಅಂಗಡಿಯವರ ಅನುಭವವೇ ಮೇಲು ಅಂತ ಹೇಳ್ತಾ ಇದ್ದೀರಾ ಸರ್?

ಉತ್ತರ: ಇಲ್ಲ. ಅಂಗಡಿಯವರ ಮಾತಿಗೆ ಎದುರಿಗೇ ವಿಳಾಸ ಇರುತ್ತದೆ, ಅಷ್ಟೇ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಸೀಲಿನ ಹತ್ತಿರ ಬೆರಳಿಟ್ಟು ‘ಇಲ್ಲಿ ಆಟ ಉಂಟು, ಬುಷ್ ಹೋಗಿದೆ’ ಅಂತಾರೆ. ಅದು ಆ ಫೋರ್ಕಿಗೆ ಮಾತ್ರ ಹೇಳಿದ್ದು. ಅದನ್ನೇ ವಿಡಿಯೊ ಮಾಡಿ ಎಲ್ಲರಿಗೂ ಹಂಚಿದರೆ ಅದೂ ವಿಳಾಸ ಕಳೆದುಕೊಳ್ಳುತ್ತದೆ.

ಪ್ರಶ್ನೆ: ರಾತ್ರಿ ಸೈಕಲನ್ನು ತಲೆಕೆಳಗೆ ನಿಲ್ಲಿಸಿದರೆ ಎಣ್ಣೆ ಸೀಲಿಗೆ ಇಳಿಯುತ್ತದೆ ಅಂತಾರಲ್ಲ?

ಉತ್ತರ: ಒಳಗೆ ಎಣ್ಣೆ ಇದ್ದರೆ ಇಳಿಯುತ್ತದೆ, ಸ್ಪಂಜಿನ ಬಳೆ ನೆನೆಯುತ್ತದೆ. ಗ್ರೀಸಿನ ಫೋರ್ಕಿಗೆ ಅದರಿಂದ ಏನೂ ಆಗದು. ಹೈಡ್ರಾಲಿಕ್ ಬ್ರೇಕ್ ಇದ್ದು ಅದರ ಟ್ಯಾಂಕಿನಲ್ಲಿ ಗಾಳಿ ಸೇರಿದ್ದರೆ, ಬೆಳಿಗ್ಗೆ ಬ್ರೇಕ್ ಮೆತ್ತಗಾಗಿರಬಹುದು. ಇದೂ ಅರ್ಧ ವಿಳಾಸದ ಸೂಚನೆಯೇ.

ಪ್ರಶ್ನೆ: ಕನ್ನಡದಲ್ಲಿ ಬರೆಯುವಾಗ ಬುಷ್, ಸೀಲ್‌ಗಳಿಗೆ ಹೊಸ ಪದ ಕಟ್ಟಬೇಕೇ?

ಉತ್ತರ: ಬೇಡ. ಅಂಗಡಿಯಲ್ಲಿ ಕೇಳುವ ಪದವೇ ಇರಲಿ. ಬೇಕಾದ್ದು ಪದಕೋಶಕ್ಕಿಂತ ಮೊದಲ ಸಾಲು. ಯಾವ ಫೋರ್ಕು, ಗಾಳಿಯದ್ದೋ ಸ್ಪ್ರಿಂಗಿನದ್ದೋ. ಯಾವ ಎಣ್ಣೆ, ಎಷ್ಟು. ಮಳೆಗಾಲಕ್ಕೆ ಮುಂಚೆಯೋ ಆಮೇಲೋ. ತಪ್ಪಿದರೆ ತಿಳಿಯುವುದು ಹೇಗೆ. ಈ ನಾಲ್ಕನ್ನು ಮೊದಲು ಬರೆದು ಆಮೇಲೆ ‘ಬಿಚ್ಚಿ’ ಅಂತ ಬರೆಯೋಣ. ಮುಂದಿನ ಸೆಮಿಸ್ಟರಿನ ಅನುವಾದದ ಅಭ್ಯಾಸಕ್ಕೆ ಒಂದು ಸರ್ವಿಸ್ ಕೈಪಿಡಿಯನ್ನೇ ತೆಗೆದುಕೊಳ್ಳಬಹುದು ಅಂತ ನನ್ನ ಸಲಹೆ. ಅನುವಾದ ಸರಿಯಾಗಿದೆಯೋ ಇಲ್ಲವೋ ಎಂದು ಫೋರ್ಕೇ ಹೇಳುತ್ತದೆ.