ಹೊಗೆಯ ವಿಳಾಸ

ಬೆಂಗಳೂರಿನ ಗ್ರಾವಿಕಿ ಲ್ಯಾಬ್ಸ್ ವಾಹನಗಳ ಮಸಿಯಿಂದ 'ಏರ್ ಇಂಕ್' ಎಂಬ ಶಾಯಿ ಮಾಡಿತು. 2016ರಲ್ಲಿ ಬಿಯರ್ ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ಹಾಂಗ್‌ಕಾಂಗ್‌ನ ಗೋಡೆಗಳ ಮೇಲೆ ಕಲಾವಿದರು ಅದರಿಂದ ಚಿತ್ರ ಬಿಡಿಸಿದರು. ಚಿತ್ರಗಳೇನೋ ಚೆಂದ. ನನ್ನ ತಕರಾರಿರುವುದೂ ಅಲ್ಲೇ: ಯಾರ ಗಾಡಿಯ ಹೊಗೆ, ಯಾರ ಮೂಗಿಗೆ ಎಂಬುದು ಆ ಚೆಂದದ ಕಪ್ಪಿನಲ್ಲಿ ಕರಗಿಹೋಗುತ್ತದೆ.

2015ರಲ್ಲಿ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆಯ ಪ್ರತಿಕೃತಿ ಇಳಿಸಿದಾಗ ಹಾಗಾಗಲಿಲ್ಲ. ಗುಂಡಿಗೆ ವಿಳಾಸವಿತ್ತು, ಪಾಲಿಕೆ ತಪ್ಪಿಸಿಕೊಳ್ಳುವಂತಿರಲಿಲ್ಲ.

ನಮ್ಮ ವೀರನಹೊಸಹಳ್ಳಿ ಕಡೆ ಹೊಗೆಸೊಪ್ಪಿನ ಬ್ಯಾರನ್‌ನಿಂದ ಹೊಗೆ ಎದ್ದರೆ ಅದು ಯಾರ ಬ್ಯಾರನ್ ಎಂದು ಊರಿಗೇ ಗೊತ್ತು. (ಕೆಮ್ಮುವವರೂ ನಾವೇ.) ನಗರದ ಹೊಗೆಗೆ ಅಂಥ ಗುರುತಿಲ್ಲ. ಆ ಮಸಿಯನ್ನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಿಡಿದು, ಅಲ್ಲಿನ ಮೇಲ್ಸೇತುವೆಯ ಕಂಬಕ್ಕೇ ಬಳಿದು, ಪಕ್ಕದಲ್ಲಿ ಹಿಡಿದ ದಿನಾಂಕ ಬರೆದಿದ್ದರೂ ಸಾಕಿತ್ತು.